ಅಮೂರ್ತ ಯಾರಪ್ಪನ ಆಸ್ತಿ?



ಈ ಸಲ ಕವನ ಕೊಡಿ ಅಂತ ಪತ್ರಿಕೆಯವರು ಕೇಳಿದ್ದರು. ಕವನ ಬರೆಯಲು ಕೂತರೆ ಜಗಳ ಬಂತು. ಆ ಜಗಳವನ್ನೇ ಬರೆದು ಕೊಡುತ್ತಿದ್ದೇವೆ. ಜಗಳ ಚಿತ್ರಕಲೆಯದು. ಅದರಲ್ಲೂ ಕಣ್ಣು ಮೂಗು ಬಾಯಿ ಇಲ್ಲದ, ಮರ ಗಿಡ ಮನೆ ಇಲ್ಲದ, ಬರೀ ಬಣ್ಣ ಬರೀ ಗೆರೆ ಇರುವ ಚಿತ್ರದ್ದು. ಓದಿದವರು ಅದಕ್ಕೆ ಅಮೂರ್ತ ಕಲೆ ಅಂತಾರೆ. ನಮ್ಮ ಹಾಸ್ಟೆಲಿನಲ್ಲಿ 'ಬಣ್ಣ ಚೆಲ್ಲಿದ್ದು' ಅಂತಾರೆ. "ಸಾಂಬಾರಲ್ಲಿ ಬೇಳೆ ಹುಡುಕ್ಬೇಕು, ಸ್ಕಾಲರ್‌ಶಿಪ್ ಬಂದಿಲ್ಲ, ಇವ್ರಿಗೆ ಚಿತ್ರದ ಚಿಂತೆ" ಎಂದು ನೀವು ಬೈಯಬಹುದು. ಬೈಯಿರಿ. ಆದರೆ ಕೊನೇವರೆಗೂ ಓದಿ ಆಮೇಲೆ ಬೈಯಿರಿ.

ನಡೆದದ್ದು ಇಷ್ಟು. ಮಳವಳ್ಳಿ ಕಡೆಯ ನಮ್ಮ ಗೆಳೆಯನೊಬ್ಬ ಚಿತ್ರಕಲೆ ಓದಿದವನು. ನಮ್ಮ ಸಭೆಗಳಿಗೆಲ್ಲ ಬ್ಯಾನರ್ ಬರೆದವನು ಅವನೇ. ಬಾಬಾಸಾಹೇಬರ ಕನ್ನಡಕ ಅವನ ಕೈಯಲ್ಲಿ ಬಂದಷ್ಟು ಚೆನ್ನಾಗಿ ನಮ್ಮ ಜಿಲ್ಲೆಯಲ್ಲಿ ಇನ್ಯಾರ ಕೈಯಲ್ಲೂ ಬರಲ್ಲ. ಮದ್ದೂರಿನ ಒಂದು ಸಭೆಗೆ ಅವನು ಬ್ಯಾನರಿನ ಜೊತೆ ತನ್ನ ಮೂರು ಚಿತ್ರ ತಂದು ವೇದಿಕೆಯ ಪಕ್ಕ ತೂಗುಹಾಕಿದ. ಗೋಣಿತಾಟಿನ ಮೇಲೆ ಬರೆದದ್ದು. ಮೇಲೆಲ್ಲ ಮಸಿಯಂಥ ಕಪ್ಪು, ನಡುವೆ ಕೆಮ್ಮಣ್ಣಿನ ಪಟ್ಟೆ, ಕೆಳಗೆ ಎಲ್ಲೋ ಒಂದು ಎಳೆ ನೀಲಿ. ಅಷ್ಟೇ. ನಮ್ಮವರು ಬಂದು ನೋಡಿದರು. "ಇದೇನ್ಲಾ ಮಗ, ತೊಳೆಯೋದ ಮರ್ತು ತಂದ್ಬುಟ್ಯಾ?" ಅಂದರು ಒಬ್ಬರು. ನಗು. ಹಿರಿಯರೊಬ್ಬರು ನಗಲಿಲ್ಲ. "ಇದ್ರಲ್ಲಿ ನಮ್ ನೋವು ಎಲ್ಲಯ್ಯಾ ಅದೆ? ಇದು ಹೊಟ್ಟೆ ತುಂಬಿದವರ ಆಟ" ಅಂದರು. ಅವನು ಉತ್ತರ ಕೊಡಲಿಲ್ಲ. ಚಿತ್ರ ಇಳಿಸಿ ಸುತ್ತಿಕೊಂಡ.

ಅದಕ್ಕೂ ಒಂದು ತಿಂಗಳು ಮುಂಚೆ ಇದೇ ಚಿತ್ರಗಳನ್ನು ಹೊತ್ತು ನಾವು ಬೆಂಗಳೂರಿಗೆ ಹೋಗಿದ್ದೆವು. ನಾವು ಮಂಡ್ಯದಲ್ಲಿ ರೈಲು ಹತ್ತಿದೆವು, ಅವನು ಮದ್ದೂರಿನಲ್ಲಿ ಹತ್ತಿದ. ಹಳೇ ಬೆಡ್‌ಶೀಟಿನಲ್ಲಿ ಸುತ್ತಿದ್ದನ್ನು ನೋಡಿ ಟಿ.ಸಿ. "ಕಿಟಕಿ ಬಾಗಿಲು ಸಾಗಿಸ್ತಿದ್ದೀರೇನ್ರಪ್ಪಾ" ಅಂದ. ಒಂದು ಗ್ಯಾಲರಿಗೆ ಹೋದೆವು. ಅಲ್ಲಿದ್ದ ದೊಡ್ಡ ಮನುಷ್ಯರು ಚಿತ್ರ ನೋಡುವ ಮೊದಲು ಊರು ಕೇಳಿದರು, ಹಾಸ್ಟೆಲ್ ಕೇಳಿದರು. ಜಾತಿ ಕೇಳಲಿಲ್ಲ, ಹಾಸ್ಟೆಲ್ ಹೆಸರು ಕೇಳಿದ ಮೇಲೆ ಅದರ ಅಗತ್ಯ ಬೀಳಲಿಲ್ಲ. ಆಮೇಲೆ ಬಹಳ ಪ್ರೀತಿಯಿಂದಲೇ ಹೇಳಿದರು: "ನಿಮ್ಮ ಸಮುದಾಯದಲ್ಲಿ ಎಷ್ಟೊಂದು ಅನುಭವ ಇದೆ. ಎಷ್ಟು ನೋವು, ಎಷ್ಟು ಕಥೆ. ಅದನ್ನ ಬಿಟ್ಟು ಇದ್ಯಾಕೆ ಮಾಡ್ತೀರಿ? ಇದು ನಿಮ್ಮದಲ್ಲ. ನಿಮ್ಮದನ್ನ ತನ್ನಿ."

ಈಗ ನೋಡಿ. ಮದ್ದೂರಿನ ನಮ್ಮ ಹಿರಿಯರೂ ಬೆಂಗಳೂರಿನ ಆ ದೊಡ್ಡ ಮನುಷ್ಯರೂ ಜನ್ಮದಲ್ಲಿ ಒಂದು ಪಂಕ್ತಿಯಲ್ಲಿ ಕೂತು ಉಂಡವರಲ್ಲ. ಆದರೆ ಈ ಹುಡುಗನಿಗೆ ಇಬ್ಬರೂ ಹೇಳಿದ್ದು ಒಂದೇ ಮಾತು. ನಿನ್ನ ಕೆಲಸ ನೋವು ತೋರಿಸೋದು. ಬಣ್ಣದ ಜೊತೆ ಸುಮ್ಮನೆ ಇರುವ ಹಕ್ಕು ನಿನಗಿಲ್ಲ. ನಮ್ಮ ಗೆಳೆಯ ಈಗ ಒಂದು ಫ್ಲೆಕ್ಸ್ ಅಂಗಡಿಯಲ್ಲಿ ಕೆಲಸಕ್ಕಿದ್ದಾನೆ. ಪುಢಾರಿಗಳ ಹುಟ್ಟುಹಬ್ಬಕ್ಕೆ ಅವರ ಕೆನ್ನೆಯ ಕಲೆಗಳನ್ನು ಕಂಪ್ಯೂಟರಿನಲ್ಲಿ ಅಳಿಸಿ ಕೊಡುತ್ತಾನೆ. ಎರಡು ತಿಂಗಳಾಯಿತು, ಕುಂಚ ಮುಟ್ಟಿಲ್ಲ.

ಇದು ನಮ್ಮ ಜಗಳದ ಮೂಲ.

ಮೊದಲು ಚಿತ್ರಕಾರರ ಮೇಲಿನ ಸಿಟ್ಟು ತೀರಿಸಿಕೊಂಡುಬಿಡುತ್ತೇವೆ. ಅವತ್ತೇ ಬೆಂಗಳೂರಿನಲ್ಲಿ ಹೆಸರಾಂತ ಚಿತ್ರಕಾರರೊಬ್ಬರ ಮಾತು ಕೇಳಿದೆವು. ಗೋಡೆಯ ತುಂಬ ಅವರ ಚಿತ್ರ. ನೀಲಿಯ ಮೇಲೆ ನೀಲಿ, ಅದರ ಮೇಲೆ ಇನ್ನೊಂದು ನೀಲಿ. ಅವರು ಹೇಳಿದ್ದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆವು: ಮೌನ, ಅಂತರಾಳ, ಲಯ, ಅವಕಾಶ, ಶೂನ್ಯ, ಅನಂತ. ಅನಂತ ಹನ್ನೊಂದು ಸಲ ಬಂತು. "ನನ್ನ ಚಿತ್ರದಲ್ಲಿ ವಿಷಯ ಹುಡುಕಬೇಡಿ. ಅದು ತಾನಾಗಿ ಆಗುತ್ತೆ, ನಾನು ಬರೀ ಸಾಕ್ಷಿ" ಅಂದರು. ಕೇಳಿದವರೆಲ್ಲ ತಲೆಯಾಡಿಸಿದರು. ನಮಗೆ ಇದು ಎಲ್ಲೋ ಕೇಳಿದ ಭಾಷೆ ಅನ್ನಿಸಿತು. ಗರ್ಭಗುಡಿಯ ಬಾಗಿಲಲ್ಲಿ ನಿಂತವರ ಭಾಷೆ. ಒಳಗೇನೋ ಇದೆ, ನಿಮಗೆ ಕಾಣಲ್ಲ, ನಮಗೆ ಕಾಣುತ್ತೆ, ನೀವು ದೂರ ನಿಂತು ಕೈ ಮುಗೀರಿ.

ಆಮೇಲೆ ಒಂದು ಹುಡುಗಿ ಎದ್ದು ನಿಂತು, "ಸಾರ್, ಆ ನೀಲಿ ಅಷ್ಟು ಆಳ ಹೆಂಗೆ ಬಂತು?" ಎಂದು ಕೇಳಿದಳು. ಆ ಮನುಷ್ಯರ ಮುಖವೇ ಬದಲಾಯಿತು. ಅನಂತ ಬಿಟ್ಟು ಕೆಳಗಿಳಿದರು. ಏಳು ಕೋಟು ಹಾಕಿದ್ದೀನಿ, ಒಂದೊಂದು ಒಣಗೋಕೆ ವಾರ ಬೇಕು, ಮಳೆಗಾಲದಲ್ಲಿ ಅಗಸೆ ಎಣ್ಣೆಯ ಬಣ್ಣ ಒಣಗದೆ ಪ್ರಾಣ ತಿನ್ನುತ್ತೆ, ನಾಲ್ಕನೇ ಕೋಟು ಕೆಟ್ಟುಹೋಗಿ ಚಾಕುವಿನಲ್ಲಿ ಕೆರೆದು ತೆಗೆದೆ, ಆ ಕೆರೆದ ಗಾಯದಲ್ಲೇ ಈ ಬೆಳಕು ಸಿಕ್ಕಿತು, ಭುಜ ಇವತ್ತಿಗೂ ನೋಯುತ್ತೆ ಅಂದರು. ಕೈಯಲ್ಲಿ ಕೆರೆಯುವ ರೀತಿ ತೋರಿಸಿದರು. ಅರ್ಧ ಗಂಟೆ ಕೇಳಿದೆವು, ಒಂದು ಮಾತೂ ನಮಗೆ ಅರ್ಥವಾಗದೆ ಉಳಿಯಲಿಲ್ಲ. ಕೆಲಸಗಾರನ ಮಾತು ಕೆಲಸಗಾರನಿಗೆ ಅರ್ಥವಾಗದೆ ಇರುತ್ತದೆಯೇ? ಗದ್ದೆ ಹದ ಮಾಡುವವನು, ಆಲೆಮನೆಯಲ್ಲಿ ಪಾಕದ ಹದ ನೋಡುವವನು ಮಾತಾಡೋದೂ ಹಿಂಗೇ ಅಲ್ಲವೇ?

ಹೀಗೆ ಒಬ್ಬನೇ ಚಿತ್ರಕಾರನ ಬಾಯಲ್ಲಿ ಎರಡು ಭಾಷೆ ಇದೆ. ಒಂದು ಪುರೋಹಿತನದು, ಇನ್ನೊಂದು ಕೂಲಿಯವನದು. ಪತ್ರಿಕೆಗಳಲ್ಲಿ, ಕ್ಯಾಟಲಾಗುಗಳಲ್ಲಿ ಅಚ್ಚಾಗುವುದು ಮೊದಲನೆಯದು ಮಾತ್ರ. ಯಾಕೆಂದರೆ ಕೊಳ್ಳುವವನಿಗೆ ಅನಂತ ಬೇಕು, ಭುಜದ ನೋವು ಬೇಡ.

ವಿ.ಎಸ್. ಗಾಯ್ತೊಂಡೆ ಎಂಬ ಚಿತ್ರಕಾರರ ವಿಷಯ ನೋಡಿ. 1924ರಲ್ಲಿ ನಾಗಪುರದಲ್ಲಿ ಹುಟ್ಟಿದವರು. ಮೂವತ್ತೆರಡು ವರ್ಷದ ನಂತರ ಬಾಬಾಸಾಹೇಬರು ಲಕ್ಷಾಂತರ ಜನರೊಡನೆ ದೀಕ್ಷೆ ತಗೊಂಡ ಅದೇ ನಾಗಪುರ. ಗಾಯ್ತೊಂಡೆ 'ಅಮೂರ್ತ' ಎಂಬ ಹೆಸರನ್ನೇ ಒಪ್ಪುತ್ತಿರಲಿಲ್ಲ, ನನ್ನದು ವಸ್ತುವಿಲ್ಲದ ಚಿತ್ರ ಅನ್ನುತ್ತಿದ್ದರು. ಝೆನ್ ಓದಿದವರು. ಮಾತು ಕಡಿಮೆ. ದೆಹಲಿಯ ನಿಜಾಮುದ್ದೀನಿನಲ್ಲಿ ಒಂದು ಸಣ್ಣ ಬಾಡಿಗೆ ಮನೆಯಲ್ಲಿ ಇದ್ದುಕೊಂಡು, ರೋಲರು ಮತ್ತು ಚಾಕು ಹಿಡಿದು, ಬಣ್ಣ ಬಳಿದು ಕೆರೆದು ಬಳಿದು ಕೆರೆದು, ವರ್ಷಕ್ಕೆ ಕೆಲವೇ ಚಿತ್ರ ಮುಗಿಸುತ್ತಿದ್ದರು. 2001ರಲ್ಲಿ ತೀರಿಕೊಂಡರು. 2021ರಲ್ಲಿ ಅವರ ಒಂದು ಚಿತ್ರ ಹರಾಜಿನಲ್ಲಿ 39 ಕೋಟಿ ರೂಪಾಯಿಗೂ ಮೀರಿ ಹೋಯಿತು. ನಿಮ್ಮ ಊರಿನಲ್ಲಿ ಕಬ್ಬು ಕಡಿಯುವ ಆಳಿನ ದಿನಗೂಲಿಯಿಂದ ಇದನ್ನು ಭಾಗಿಸಿ ನೋಡಿ, ಎಷ್ಟು ತಲೆಮಾರು ಆಗುತ್ತದೆ ಅಂತ. ಆ ದುಡ್ಡಿನಲ್ಲಿ ಸತ್ತವರಿಗೆ ಒಂದು ಬಿಡಿಗಾಸೂ ಸೇರಲ್ಲ ಅನ್ನುವುದು ಬೇರೆ ಮಾತು. ಆ ಮನುಷ್ಯನ ಮೇಲೆ ನಮಗೆ ಸಿಟ್ಟಿಲ್ಲ. ಅವರ ಮೌನಕ್ಕೆ ಬೆಲೆ ಕಟ್ಟಿ ಮಾರುವವರ ವಾಚಾಳಿತನದ ಮೇಲೆ ಸಿಟ್ಟು.

ಎಸ್.ಎಚ್. ರಝಾ ಅವರದು ಇನ್ನೊಂದು ದಾರಿ. 1922ರಲ್ಲಿ ಮಧ್ಯಪ್ರದೇಶದ ಮಂಡ್ಲಾ ಕಡೆ ಹುಟ್ಟಿದವರು (ಮಂಡ್ಲಾ, ನಮ್ಮ ಮಂಡ್ಯ ಅಲ್ಲ). ತಂದೆ ಕಾಡಿನ ಇಲಾಖೆಯಲ್ಲಿದ್ದರು. ಶಾಲೆಯಲ್ಲಿ ಮನಸ್ಸು ನಿಲ್ಲದ ಹುಡುಗನಿಗೆ ಮೇಷ್ಟ್ರು ಗೋಡೆಯ ಮೇಲೆ ಒಂದು ಚುಕ್ಕೆ ಇಟ್ಟು, ಅದನ್ನೇ ನೋಡುತ್ತ ಕೂರು ಅಂದರಂತೆ. ಆ ಚುಕ್ಕೆಯೇ ಮುಂದೆ ಫ್ರಾನ್ಸಿನಲ್ಲಿ ಕೂತು ಬರೆದ ದೊಡ್ಡ ಕಪ್ಪು 'ಬಿಂದು' ಆಯಿತು ಎಂದು ರಝಾ ಅವರೇ ಹೇಳಿಕೊಂಡಿದ್ದಾರೆ. ಈ ಕಥೆ ನಮಗೆ ತುಂಬ ಇಷ್ಟ. ಕೂಲಿಮಠದ ಗೋಡೆ, ಸೀಮೆಸುಣ್ಣ, ಹೆದರಿದ ಹುಡುಗ. ಆದರೆ ಆಮೇಲೆ ಅದರ ಮೇಲೆ ಪ್ರಕೃತಿ-ಪುರುಷ, ಕುಂಡಲಿನಿ, ತಂತ್ರ, ಯಂತ್ರ ಎಲ್ಲ ಬಂದು ಕೂತವು. ಅದು ಅವರೊಬ್ಬರದೇ ಅಲ್ಲ, 1960ರ ದಶಕದಿಂದಾಚೆಗೆ ನಮ್ಮ ದೇಶದ ಎಷ್ಟೋ ಅಮೂರ್ತ ಚಿತ್ರಕಾರರು ಈ ಹೊದಿಕೆ ಹೊದ್ದರು. ಮುಸ್ಲಿಂ ಮನೆಯಲ್ಲಿ ಹುಟ್ಟಿದ ರಝಾ ಸಂಸ್ಕೃತದ ಹೆಸರಿಟ್ಟರು ಅಂತ ನಮ್ಮ ತಕರಾರಲ್ಲ. ಯಾವ ಮಾತೂ ಯಾರಪ್ಪನ ಆಸ್ತಿಯೂ ಅಲ್ಲ. ತಕರಾರು ಇಷ್ಟೇ: ಒಂದು ಚುಕ್ಕೆ ಶಾಲೆಯ ಗೋಡೆಯ ಚುಕ್ಕೆಯಾಗಿಯೇ ಇದ್ದರೆ ಯಾಕೆ ಸಾಲದು?

ಅದೇ ಮಂಡ್ಲಾಕ್ಕೆ ಹಿಂದೆ ಸೇರಿದ್ದ ಪಾಟನಗಢ ಎಂಬ ಹಳ್ಳಿಯಲ್ಲಿ ಜಂಗಢ ಸಿಂಗ್ ಶ್ಯಾಮ್ ಎಂಬ ಗೊಂಡ ಹುಡುಗ ಮನೆ ಗೋಡೆ ಮೇಲೆ ಚಿತ್ರ ಬರೆಯುತ್ತಿದ್ದ. ಚಿತ್ರಕಾರ ಜೆ. ಸ್ವಾಮಿನಾಥನ್ 1980ರ ದಶಕದ ಆರಂಭದಲ್ಲಿ ಭೋಪಾಲದ ಭಾರತ ಭವನ ಕಟ್ಟುವಾಗ ಅವನನ್ನು ಕರೆತಂದರು. ಒಳ್ಳೆಯ ಕೆಲಸ. ಆದರೂ ಒಂದೇ ಸೀಮೆಯ ಇಬ್ಬರಲ್ಲಿ ಒಬ್ಬರು 'ಆಧುನಿಕ' ಆದರು, ಇನ್ನೊಬ್ಬ 'ಆದಿವಾಸಿ ಕಲೆ'ಯ ಕಪಾಟಿಗೆ ಹೋದ. ಜಂಗಢ 2001ರಲ್ಲಿ ದೂರದ ಜಪಾನಿನ ಒಂದು ಮ್ಯೂಸಿಯಮ್ಮಿನಲ್ಲಿ ತನ್ನ ಜೀವ ತಾನೇ ಕಳೆದುಕೊಂಡ. ರಝಾ 2016ರಲ್ಲಿ ತೀರಿಕೊಂಡು, ತಾವು ಕೇಳಿಕೊಂಡಂತೆ ಮಂಡ್ಲಾದ ಮಣ್ಣಿಗೇ ಸೇರಿದರು. ಇದಕ್ಕೆ ಟಿಪ್ಪಣಿ ಬರೆಯೋಕೆ ನಮಗೆ ಆಗ್ತಾ ಇಲ್ಲ.

ಚೋಳಮಂಡಲ ಕಟ್ಟಿದ ಕೆ.ಸಿ.ಎಸ್. ಪಣಿಕ್ಕರ್ 1960ರ ದಶಕದಲ್ಲಿ ಅಕ್ಷರಗಳನ್ನೇ ಚಿತ್ರ ಮಾಡಿದರು. ಮಲಯಾಳಂ ಲಿಪಿಯಂತೆ ಕಾಣುತ್ತದೆ, ಓದಲು ಹೋದರೆ ಓದಲಾಗದು. ತಜ್ಞರು ಇದನ್ನು ಬಹಳ ಹೊಗಳುತ್ತಾರೆ, ಚಿತ್ರಗಳೂ ಚೆನ್ನಾಗಿವೆ. ನಮಗೆ ಮಾತ್ರ ಹೊಟ್ಟೆಯಲ್ಲಿ ಏನೋ ಆಗುತ್ತದೆ. ನಮ್ಮ ಅವ್ವನಿಗೆ ಪ್ರತಿಯೊಂದು ಸರ್ಕಾರಿ ಕಾಗದವೂ ಹಿಂಗೇ ಕಂಡಿದ್ದು. ಓದಲಾಗದ ಅಕ್ಷರ ಪಣಿಕ್ಕರರಿಗೆ ಬಿಡುಗಡೆ, ನಮ್ಮ ಅವ್ವನಿಗೆ ಹೆಬ್ಬೆಟ್ಟು.

ಇಷ್ಟು ಬೈದ ಮೇಲೆ ನಮ್ಮವರ ಕಡೆ ತಿರುಗುತ್ತೇವೆ. ಅಮೂರ್ತ ಅಂದರೆ ಮೇಲ್ಜಾತಿಯವರ ಆಟ, ನಮಗೆ ಬೇಡ ಅನ್ನುತ್ತೀರಲ್ಲ, ನಿಜವಾ?

ನಮ್ಮ ಸೀಮೆಯನ್ನೇ ನೋಡಿ. ಮಳವಳ್ಳಿ ತಾಲ್ಲೂಕಿನ ಬೊಪ್ಪೇಗೌಡನಪುರದಲ್ಲಿ ಮಂಟೇಸ್ವಾಮಿ ಗದ್ದುಗೆ. ನೀಲಗಾರರು ತಂಬೂರಿ ಹಿಡಿದು ಹಾಡುವ ಆ ಕಥೆಯಲ್ಲಿ ನಮ್ಮ ಊರುಗಳೇ ತುಂಬಿವೆ. ಮದ್ದೂರಿನ ನಿಡುಘಟ್ಟದ ಕೆಂಪಾಚಾರಿಯೇ ಸಿದ್ದಪ್ಪಾಜಿ ಆಗೋದು, ಹಲಗೂರಿನ ಪಾಂಚಾಳರ ಹತ್ತಿರ ಕಬ್ಬಿಣದ ಭಿಕ್ಷೆಗೆ ಹೋಗೋದು. ಆ ಪರಂಪರೆಯಲ್ಲಿ ನಮ್ಮ ಜನ ಹೊತ್ತು ಮೆರೆಸೋದು ಏನನ್ನ? ಕಂಡಾಯವನ್ನ. ಕಂಡಾಯಕ್ಕೆ ಕಣ್ಣಿದೆಯಾ? ಕೈಕಾಲಿದೆಯಾ? ಮುಖ ಇಲ್ಲದ ಒಂದು ಲೋಹದ ಆಕಾರ. ಹಣೆಗೆ ಇಡೋದು ಕಪ್ಪು ಧೂಳ್ತ. ಮುಖವಿಲ್ಲದ್ದಕ್ಕೆ ಅರ್ಥವಿಲ್ಲ ಅಂತ ನೀಲಗಾರರ ಮುಂದೆ ಹೇಳಿ ನೋಡಿ. ರಷ್ಯದ ಮಾಲೆವಿಚ್ ಎಂಬಾತ 1915ರಲ್ಲಿ ಒಂದು ಕಪ್ಪು ಚೌಕ ಬರೆದು, ಮನೆಗಳಲ್ಲಿ ದೇವರ ಪಟ ಇಡುವ ಮೇಲಿನ ಮೂಲೆಯಲ್ಲಿ ಅದನ್ನು ತೂಗುಹಾಕಿದನೆಂದು ಪ್ರಪಂಚವೇ ಬೆಚ್ಚಿತು. ನಮ್ಮವರು ದೇವರ ಜಾಗದಲ್ಲಿ ಕರೀ ಬೂದಿ ಇಟ್ಟು ನೂರಾರು ವರ್ಷ ಆಯಿತು, ಯಾರೂ ಕ್ಯಾಟಲಾಗ್ ಬರೆಯಲಿಲ್ಲ.

ಮೂರ್ತಿಯ ಮಾತು ಬಂದದ್ದಕ್ಕೆ ಹೇಳುತ್ತೇವೆ. 2024ರ ನವೆಂಬರಿನಲ್ಲಿ ಮಂಡ್ಯ ತಾಲ್ಲೂಕಿನ ಹನಕೆರೆಯಲ್ಲಿ ನಮ್ಮವರು ಕಾಲಭೈರವೇಶ್ವರನ ಗುಡಿಯೊಳಗೆ ಕಾಲಿಟ್ಟಾಗ ಏನಾಯಿತೆಂದು ನೀವೆಲ್ಲ ಓದಿದ್ದೀರಿ. ಉತ್ಸವಮೂರ್ತಿಯನ್ನೇ ಎತ್ತಿಕೊಂಡು ಹೊರಗೆ ಸಾಗಿಸಿದರು. ನಾವು ಒಳಗೆ ಹೋದ ಗಳಿಗೆಯಲ್ಲೇ ಮೂರ್ತಿ ಹೊರಗೆ. ನಮ್ಮ ಪಾಲಿಗೆ ಉಳಿಯೋದು ಅಮೂರ್ತವೇ ಆದರೆ, ಅದು ಏನು ಎತ್ತ ಎಂದು ನಾವೇ ಕೂತು ಯೋಚನೆ ಮಾಡಬೇಡವೇ?

ಇನ್ನು ನೀಲಿ. ಒಂದು ಗಜ ನೀಲಿ ಬಟ್ಟೆ ತಗೊಳ್ಳಿ. ಚಕ್ರ ಬೇಡ, ಆನೆ ಬೇಡ, ಬಾಬಾಸಾಹೇಬರ ಪಟ ಬೇಡ. ಬರೀ ನೀಲಿ. ಕೋಲಿಗೆ ಕಟ್ಟಿ ಊರ ಮುಂದಿನ ಅರಳೀಕಟ್ಟೆಯಲ್ಲಿ ನಿಲ್ಲಿಸಿ. ಬೆಳಗಾಗೋದರೊಳಗೆ ಪಂಚಾಯ್ತಿ ಸೇರುತ್ತದೆ. ಬರೀ ಬಣ್ಣಕ್ಕೆ ಅರ್ಥವಿಲ್ಲ ಅನ್ನುವವರು ಆ ಪಂಚಾಯ್ತಿಗೆ ಬಂದು ಹೇಳಲಿ. ಗೆರೆಯೂ ಹಾಗೇ. ಊರಿಗೂ ಕೇರಿಗೂ ನಡುವಿನ ಗೆರೆಯನ್ನು ಯಾರೂ ಬರೆದಿಲ್ಲ, ಯಾವ ಸರ್ವೆ ನಕ್ಷೆಯಲ್ಲೂ ಅದು ಇಲ್ಲ, ಆದರೆ ಮೂರು ವರ್ಷದ ಮಗುವಿಗೂ ಅದು ಎಲ್ಲಿದೆ ಅಂತ ಗೊತ್ತು. ಕಾಣದ ಗೆರೆಯೊಳಗೆ ಬೆಳೆದವರಿಗೆ ಗೆರೆಯ ಚಿತ್ರ ಅರ್ಥವಾಗಲ್ಲ ಅಂದರೆ ನಾವು ನಂಬಲ್ಲ.

ನಸ್ರೀನ್ ಮೊಹಮ್ಮದಿ ಎಂಬ ಹೆಣ್ಣುಮಗಳು ಇದ್ದರು. 1937ರಲ್ಲಿ ಕರಾಚಿಯಲ್ಲಿ ಹುಟ್ಟಿ, ಬರೋಡಾದಲ್ಲಿ ಪಾಠ ಹೇಳುತ್ತಿದ್ದು, 1990ರಲ್ಲಿ ತೀರಿಕೊಂಡರು. ಕಾಗದದ ಮೇಲೆ ಸ್ಕೇಲು, ಪೆನ್ನು, ಪೆನ್ಸಿಲಿನಲ್ಲಿ ಗೆರೆ ಎಳೆಯುವುದಷ್ಟೇ ಅವರ ಕೆಲಸ. ಬಣ್ಣವೂ ಇಲ್ಲ. ಚಿತ್ರಗಳಿಗೆ ಹೆಸರಿಡಲಿಲ್ಲ. ಅವುಗಳ ಮೇಲೆ ಭಾಷಣ ಬಿಗಿಯಲಿಲ್ಲ. ಡೈರಿಯಲ್ಲಿ ಚೂರುಚೂರು ಬರೆದಿಟ್ಟರು. ಕೊನೆಯ ವರ್ಷಗಳಲ್ಲಿ ಕಾಯಿಲೆಯಿಂದ ಕೈಕಾಲು ಹಿಡಿತಕ್ಕೆ ಸಿಗುತ್ತಿರಲಿಲ್ಲ, ಆದರೂ ಕಾಗದದ ಮೇಲೆ ಗೆರೆ ನಡುಗಲಿಲ್ಲ. ಆ ಚಿತ್ರಗಳ ಅಚ್ಚನ್ನು ಒಂದು ಪುಸ್ತಕದಲ್ಲಿ ನೋಡಿ ನಾವು ಬಹಳ ಹೊತ್ತು ಮಾತಾಡಲಿಲ್ಲ. ಈ ಪತ್ರಿಕೆಯ ಸ್ಟೆನ್ಸಿಲ್ ಹಾಳೆಯ ಮೇಲೆ ಮೊಳೆಯಿಂದ ಒಂದು ನೇರ ಗೆರೆ ಎಳೆಯಲು ಹೋಗಿ ಹಾಳೆ ಹರಿದುಕೊಂಡವರಿಗೆ ಗೊತ್ತು, ಗೆರೆ ಅಂದರೆ ಏನು ಅಂತ.

ಇನ್ನು ನಮ್ಮ ಅಜ್ಜಿಯರು. ಹಬ್ಬ ಬಂತೆಂದರೆ ಗೋಡೆಗೆ ಸುಣ್ಣ, ಕೆಳಗೆ ಮೊಳದುದ್ದ ಕೆಮ್ಮಣ್ಣಿನ ಪಟ್ಟೆ, ಅಂಗಳಕ್ಕೆ ಸಗಣಿ ಸಾರಿಸಿ ಬೆರಳಲ್ಲಿ ಬಿಡುವ ಅರ್ಧಚಂದ್ರದ ಅಲೆ. ಯಾವ ಗಿಡ, ಯಾವ ಹಕ್ಕಿ ಇತ್ತು ಅದರಲ್ಲಿ? ಬರೀ ಕೈ ಹೋದ ದಾರಿ. ನಮ್ಮ ಅಜ್ಜಿ ಅದರ ಬಗ್ಗೆ ಮಾತಾಡುತ್ತಿದ್ದುದು ಮೂರೇ ವಿಷಯ: ಮಣ್ಣು ಎಲ್ಲಿಂದ ತಂದದ್ದು, ಸಗಣಿ ಎಷ್ಟು, ಬಿಸಿಲು ಹೆಂಗಿತ್ತು. "ಏನಕ್ಕಜ್ಜಿ ಹಿಂಗ್ ಬುಡ್ತೀಯಾ?" ಅಂದರೆ "ಹಂಗ್ ಬುಟ್ರೆ ಮನೆ ಮನೆಯಂಗಿರ್ತದೆ ಕಣ್ ಮಗ" ಅನ್ನೋಳು. ಅಮೂರ್ತ ಕಲೆಯ ಬಗ್ಗೆ ಇದಕ್ಕಿಂತ ಚೆನ್ನಾಗಿ ಹೇಳಿದ ಒಬ್ಬ ಚಿತ್ರಕಾರನನ್ನೂ ನಾವು ಇನ್ನೂ ಕೇಳಿಲ್ಲ. ಹಾಗಂತ ಅಜ್ಜಿಯನ್ನ ಎತ್ತಿ ಮೆರೆಸುತ್ತಿಲ್ಲ. ಅವಳು ಗೌಡರ ಹಟ್ಟಿ ಸಾರಿಸಿದ್ದೂ ಅದೇ ಕೈಯಲ್ಲಿ, ಆ ಕೈ ಹಟ್ಟಿಯ ಒಳಗೆ ಹೋಗುವಂತಿರಲಿಲ್ಲ ಅನ್ನೋದೂ ಆ ಅಲೆಗಳಲ್ಲಿ ಇದೆ. ನೋವೆಲ್ಲಿ ಅಂತ ಕೇಳಿದರಲ್ಲ, ಅಲ್ಲಿದೆ.

ಕೆಲವರು ಇನ್ನೂ ಎರಡು ಮಾತು ಎತ್ತುತ್ತಾರೆ. ಒಂದು, ಬೂಸಾ. 1973ರಲ್ಲಿ ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಹೆಚ್ಚಿನದು ಬೂಸಾ ಅಂದರು, ಈ ಚಿತ್ರಗಳೂ ಬೂಸಾ ಅನ್ನುತ್ತಾರೆ. ಸ್ವಾಮಿ, ಆ ಮಾತಿಗೆ ಅವರು ಮಂತ್ರಿಗಿರಿ ಕಳೆದುಕೊಂಡರು, ಹಾಸ್ಟೆಲ್ ಹುಡುಗರು ಹೊಡೆತ ತಿಂದರು. ಅಷ್ಟು ಬೆಲೆ ತೆತ್ತ ಮಾತನ್ನು ನೋಡದೆ ಇರುವ ಚಿತ್ರದ ಮೇಲೆ ಎಸೆಯೋದು ಬೇಡ. ಎರಡನೆಯದು, ಅಮೂರ್ತ ಅಂದರೆ ಅಮೆರಿಕದ ದುಡ್ಡು. ಇದರಲ್ಲಿ ನಿಜ ಇದೆ. 1950ರಲ್ಲಿ ಹುಟ್ಟಿದ 'ಕಾಂಗ್ರೆಸ್ ಫಾರ್ ಕಲ್ಚರಲ್ ಫ್ರೀಡಂ' ಎಂಬ ಸಂಸ್ಥೆಗೆ ಸಿ.ಐ.ಎ. ದುಡ್ಡು ಹರಿಯುತ್ತಿದ್ದದ್ದು 1966-67ರ ಹೊತ್ತಿಗೆ ಬಯಲಾಯಿತು, ಅವರು ಆಧುನಿಕ ಚಿತ್ರಗಳನ್ನೂ ದೇಶದೇಶಕ್ಕೆ ಮೆರೆಸಿದರು. ಆದರೆ ಇನ್ನರ್ಧವನ್ನೂ ಹೇಳಬೇಕಲ್ಲ. ಹಿಟ್ಲರ್ 1937ರಲ್ಲಿ ಮ್ಯೂನಿಕ್ಕಿನಲ್ಲಿ ಇಂಥ ಚಿತ್ರಗಳನ್ನು 'ಕೆಟ್ಟುಹೋದ ಕಲೆ' ಎಂದು ಗೇಲಿ ಮಾಡಲು ಪ್ರದರ್ಶನಕ್ಕಿಟ್ಟ. ಸ್ಟಾಲಿನ್ ಕಾಲದ ರಷ್ಯದಲ್ಲಿ ಮಾಲೆವಿಚ್‌ನ ಕಪ್ಪು ಚೌಕ ಗೋದಾಮಿಗೆ ಹೋಯಿತು. ಯಜಮಾನರಿಗೆ ಬೇಕಾದಾಗ ಮೆರವಣಿಗೆ, ಬೇಡವಾದಾಗ ಗೋದಾಮು. ಚಿತ್ರಕ್ಕೂ ನಮಗೂ ಇಷ್ಟರಮಟ್ಟಿಗೆ ನೆಂಟಸ್ತಿಕೆ ಇದೆ.

ಇದೇ ಜಗಳ ನಮಗಿಂತ ಮುಂಚೆ ಕರಿಯರಲ್ಲಿ ನಡೆದಿದೆ. 1972ರಲ್ಲಿ ಮುಂಬೈಯಲ್ಲಿ ನಮ್ಮವರು ಅವರಿಂದ ಪ್ಯಾಂಥರ್ ಎಂಬ ಹೆಸರು ತಂದರು, ಈ ಜಗಳ ತರಲಿಲ್ಲ. ನಾರ್ಮನ್ ಲೂಯಿಸ್ ಎಂಬ ಕರಿಯ ಚಿತ್ರಕಾರ 1909ರಲ್ಲಿ ನ್ಯೂಯಾರ್ಕಿನ ಹಾರ್ಲೆಮ್ಮಿನಲ್ಲಿ ಹುಟ್ಟಿದವನು. 1930ರ ದಶಕದಲ್ಲಿ ಬಡವರನ್ನು, ಮನೆಯಿಂದ ಹೊರದಬ್ಬಿಸಿಕೊಂಡವರನ್ನು ಬರೆದ. 1940ರ ದಶಕದಲ್ಲಿ ಅದನ್ನು ಬಿಟ್ಟು ಅಮೂರ್ತಕ್ಕೆ ಹೊರಳಿದ. ಬಿಳಿಯರು ಅವನನ್ನು ತಮ್ಮ ದೊಡ್ಡ ಪಟ್ಟಿಯಲ್ಲಿ ಸೇರಿಸಲಿಲ್ಲ, ಕರಿಯರು ನಮ್ಮ ಕಷ್ಟ ಎಲ್ಲಿ ಅಂದರು. ನಮ್ಮ ಮಳವಳ್ಳಿ ಹುಡುಗನಿಗೆ ಆದದ್ದೇ. ಲೂಯಿಸ್ ಚಳವಳಿಯಿಂದ ಓಡಿಹೋದವನಲ್ಲ. 1963ರಲ್ಲಿ ಇತರ ಕರಿಯ ಕಲಾವಿದರ ಜೊತೆ 'ಸ್ಪೈರಲ್' ಎಂಬ ಗುಂಪು ಕಟ್ಟಿದ, ಬೀದಿಗಿಳಿದು ಧರಣಿಯಲ್ಲಿ ನಿಂತ. ಅನ್ಯಾಯದ ವಿರುದ್ಧ ಹೋರಾಡಬೇಕಾದರೆ ಬೀದಿಯಲ್ಲಿ ಹೋರಾಡು, ಚಿತ್ರವೊಂದೇ ಆ ಕೆಲಸ ಮಾಡುತ್ತೆ ಅಂತ ನಂಬಿ ಕೂರಬೇಡ ಅನ್ನೋದು ಅವನ ನಿಲುವು. ಆದರೂ 1960ರ ಸುಮಾರಿನ ಅವನ ಕಪ್ಪು-ಬಿಳಿ ಚಿತ್ರಗಳನ್ನು ದಿಟ್ಟಿಸಿದರೆ ಬಿಳಿ ಚುಕ್ಕೆಗಳು ಮೆಲ್ಲಗೆ ಕ್ಲಾನಿನವರ ಮುಸುಕುಗಳಾಗಿ ಕಾಣಲು ಶುರುವಾಗುತ್ತವೆ. ಸ್ಯಾಮ್ ಗಿಲಿಯಂ ಎಂಬ ಇನ್ನೊಬ್ಬ ಕ್ಯಾನ್ವಾಸನ್ನು ಚೌಕಟ್ಟಿನಿಂದಲೇ ಬಿಚ್ಚಿ ಬಟ್ಟೆ ಒಣಹಾಕಿದಂತೆ ತೂಗುಬಿಟ್ಟ. 1969ರಲ್ಲಿ ಬಣ್ಣ ಇಂಗಿದ ಒಂದು ದೊಡ್ಡ ಬಟ್ಟೆಗೆ 'ಏಪ್ರಿಲ್ 4' ಅಂತ ಹೆಸರಿಟ್ಟ. ಮಾರ್ಟಿನ್ ಲೂಥರ್ ಕಿಂಗ್‌ರನ್ನು ಕೊಂದ ದಿನ ಅದು. ಬಂದೂಕು ಇಲ್ಲ, ಹೆಣ ಇಲ್ಲ. ಒಂದು ತಾರೀಖು, ಬಟ್ಟೆಯ ತುಂಬ ಕಲೆ.

ನಮಗೂ ಬೇಕಾದಷ್ಟು ತಾರೀಖುಗಳಿವೆ.

ನಾವು ಈ ಪುಟದಲ್ಲಿ ಘೋಷಣೆಯಂಥ ಕವನ ಬರೆದಿದ್ದೇವೆ, ಮುಂದೆಯೂ ಬರೆಯುತ್ತೇವೆ. ಮುಷ್ಟಿ ಎತ್ತಿದ ಚಿತ್ರ ಬೇಕು, ಮುರಿದ ಸರಪಳಿ ಬೇಕು, ಬಾಬಾಸಾಹೇಬರ ಕನ್ನಡಕ ಬೇಕೇಬೇಕು. ಆದರೆ ಅದಷ್ಟೇ ನಿನಗೆ ಅಂತ ಒಬ್ಬ ಹುಡುಗನಿಗೆ ಹೇಳೋದು, ಮಲ ಹೊರೋದಷ್ಟೇ ನಿನಗೆ ಅಂತ ಹೇಳಿದ್ದಕ್ಕೆ ದೂರದ್ದೇನಲ್ಲ. ನೋವಿನ ಗುತ್ತಿಗೆ ನಮಗೆ, ಆಕಾಶದ ಗುತ್ತಿಗೆ ಅವರಿಗೆ? ಈ ಹಂಚಿಕೆ ಯಾರು ಮಾಡಿದ್ದು? ಶೂನ್ಯ ಅಂತ ಆ ಗ್ಯಾಲರಿಯವರು ಬಾಯಿ ತುಂಬ ಹೇಳುತ್ತಾರಲ್ಲ, ಅದು ಬುದ್ಧನ ಕಡೆಯವರು ಕಟ್ಟಿದ ಮಾತು, ಅಲ್ಲಮ ಆಡಿದ ಮಾತು. ನಮಗೆ ಅದರ ಮೇಲೆ ಹಕ್ಕು ಸ್ವಲ್ಪ ಜಾಸ್ತಿಯೇ ಇರಬೇಕು.

ಚಿತ್ರಕಾರರಿಗೂ ಒಂದು ಮಾತು. ನಿಮ್ಮ ಚಿತ್ರ ವಿವರಿಸಿ ಅಂತ ನಾವು ಕೇಳುತ್ತಿಲ್ಲ. ಹೆಂಗೆ ಮಾಡಿದಿರಿ ಹೇಳಿ ಸಾಕು. ಬಣ್ಣ ಎಷ್ಟಾಯಿತು, ಯಾರ ದುಡ್ಡು, ಎಲ್ಲಿ ಕೆಟ್ಟಿತು, ಯಾಕೆ ಅಲ್ಲಿಗೇ ನಿಲ್ಲಿಸಿದಿರಿ. 1968ರಲ್ಲಿ ಬೆಂಗಳೂರಿನಲ್ಲಿ ಕೆನ್ ಕಲಾಶಾಲೆ ಕಟ್ಟಿದ ಬಾದಾಮಿಯ ಆರ್.ಎಂ. ಹಡಪದ್ ಅವರ ಹತ್ತಿರ ದುಡ್ಡಿಲ್ಲದ ಎಷ್ಟೋ ಹಳ್ಳಿ ಹುಡುಗರು ಕಲಿತರು. ಅಲ್ಲಿ ಕಲಿತವರು ಅನಂತದ ಮಾತಿಗಿಂತ ಮೇಷ್ಟ್ರು ಕೈ ಹಿಡಿದು ತಿದ್ದಿದ್ದನ್ನು ನೆನೆಯುತ್ತಾರೆ.

ಆ ದಿನ ರೈಲಿನಲ್ಲಿ ವಾಪಸು ಬರುವಾಗ ನಮ್ಮ ಗೆಳೆಯನೂ ಮಾತಾಡಿದ್ದು ಅದನ್ನೇ. ಕಪ್ಪು ಎಲ್ಲಿಂದ ಬಂತು ಎಂದು ಕೇಳಿದೆವು. ಆಲೆಮನೆ ಒಲೆಯ ಮಸಿ, ಅವನಪ್ಪ ಕೂಲಿಗೆ ಹೋಗುವ ಆಲೆಮನೆಯದು. ಮೊದಲ ಸಲ ನೀರಲ್ಲಿ ಕಲಸಿದೆ, ಒಣಗಿದ ಮೇಲೆ ಪುಡಿಪುಡಿ ಉದುರಿತು. ಗೋಂದು ಹಾಕಿದೆ, ಹೊಳಪು ಜಾಸ್ತಿ ಬಂತು, ನಂಗೆ ಹೊಳಪು ಬೇಕಿರಲಿಲ್ಲ. ಕೊನೆಗೆ ಗೋಂದು ಕಡಿಮೆ ಮಾಡಿ ಎರಡು ಚಮಚ ಕೆಮ್ಮಣ್ಣು ಸೇರಿಸಿದೆ, ಆಗ ಕಚ್ಚಿಕೊಳ್ತು ಅಂದ. ಬಿಡದಿಯಿಂದ ಚನ್ನಪಟ್ಟಣದವರೆಗೆ ಬರೀ ಮಸಿಯ ವಿಷಯ. ಇದನ್ನು ಅವನು ಆ ದೊಡ್ಡ ಮನುಷ್ಯರ ಮುಂದೆಯೂ ಹೇಳಲಿಲ್ಲ, ಮದ್ದೂರಿನ ಸಭೆಯಲ್ಲೂ ಹೇಳಲಿಲ್ಲ. ಎರಡು ಕಡೆಯೂ ಯಾರೂ ಕೇಳಲಿಲ್ಲ.

ಹೋದ ವಾರ ಅವನ ಮನೆಗೆ ಹೋಗಿ ಆ ಮೂರು ಗೋಣಿತಾಟನ್ನೂ ಕೇಳಿ ತಂದು ನಮ್ಮ ಹಾಸ್ಟೆಲಿನ ಊಟದ ಹಾಲಿನಲ್ಲಿ ಮೊಳೆ ಹೊಡೆದು ಹಾಕಿದ್ದೇವೆ. ಮೊದಲ ದಿನ ಯಾರೂ ತಿರುಗಿ ನೋಡಲಿಲ್ಲ. ಎರಡನೇ ದಿನ ಹಲಗೂರು ಕಡೆಯ ಪಿ.ಯು. ಹುಡುಗ ತಟ್ಟೆ ಹಿಡಿದು ನಿಂತು, "ಇದು ನಾಲೆ ಏರಿ ಕಣಣ್ಣ, ರಾತ್ರಿ ನೀರು ಬುಟ್ಟಾಗ ಹಿಂಗೇ ಕಾಣೋದು" ಅಂದ. "ನಾಲೆಯಂತೆ ನಾಲೆ! ಸೋಗೆಗೆ ಬೆಂಕಿ ಹಾಕಿದ ಗದ್ದೆ ಕಣ್ಲಾ ಅದು" ಅಂದ ಇನ್ನೊಬ್ಬ. ಅನ್ನ ಆರಿತು. ಅಡುಗೆಯ ಅಕ್ಕ ಸೌಟು ಹಿಡಿದೇ ಬಂದು ಮೂರನ್ನೂ ನೋಡಿದರು. "ಆ ಕೊನೇದು ಎಡಗಡೆ ಕೆಳಗೆ ಸರಿಯಾಗಿಲ್ಲ. ಸಾರ್ಸೋಕೆ ಹೋಗಿ ಯಾರೋ ಕರೆದ್ರು ಅಂತ ಅರ್ಧಕ್ಕೇ ಎದ್ದೋದಂಗದೆ" ಅಂದರು.

ಅದನ್ನು ರಾತ್ರಿ ಅವನಿಗೆ ಫೋನಿನಲ್ಲಿ ಹೇಳಿದೆವು. ಸ್ವಲ್ಪ ಹೊತ್ತು ಸುಮ್ಮನಿದ್ದ. "ಎಡಗಡೆ ಕೆಳಗಾ? ನೀಲಿ ಪಕ್ಕದಲ್ಲಾ? ಅಕ್ಕನಿಗೆ ಹೆಂಗೆ ಗೊತ್ತಾಯ್ತು? ಅಲ್ಲಿ ಇನ್ನೂ ಹಸಿ ಇತ್ತು ಕಣ್ರೋ, ಬ್ಯಾನರ್ ಅರ್ಜೆಂಟು ಅಂತ ನೀವೇ ಕರೆದ್ರಿ" ಅಂದ. ಭಾನುವಾರ ಅಂಗಡಿಗೆ ರಜಾ, ಮಸಿ ಡಬ್ಬ ತಗೊಂಡು ಬರ್ತೀನಿ, ಅಲ್ಲೀವರೆಗೂ ಅದನ್ನ ಗೋಡೆಯಿಂದ ಇಳಿಸಬೇಡಿ ಅಂದ.